ಕೇಳಲಿಲ್ಲ, ಹೇಳಲಿಲ್ಲ

ವಿಮಾ ಕಂಪನಿಗಳಿಗಾಗಿ ವಾಹನಗಳ ನಷ್ಟದ ಅಂದಾಜು ಮಾಡುವ ಸರ್ವೇಯರ್ ಕೆಲಸ ನನ್ನದಾದ್ದರಿಂದ, ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವ ಪರಿಚಿತರಿಗೆ ನನ್ನ ನೆನಪಾಗುವುದು ಸಹಜ. ಆದರೆ ಅವರಿಗೆ ನೆನಪಾಗುವುದು ಕೊಳ್ಳುವ ಮೊದಲಲ್ಲ, ಕೊಂಡ ಮೇಲೆ. ಹಣ ಕೊಟ್ಟು, ಫಾರಂಗಳಿಗೆ ಸಹಿಯಾಗಿ, ಗಾಡಿಗೆ ಪೂಜೆ ಮಾಡಿಸಿ, ಓಣಿಯವರಿಗೆಲ್ಲ ಪೇಢೆ ಹಂಚಿದ ಕೆಲವು ವಾರಗಳ ಬಳಿಕ ಫೋನು ಬರುತ್ತದೆ. ದೋಷ ಒಬ್ಬೊಬ್ಬರ ಗಾಡಿಯದು ಒಂದೊಂದು. ದೂರು ಮಾತ್ರ ಎಲ್ಲರದೂ ಒಂದೇ: ಮಾರಿದವರಿಗೆ ಇದು ಮೊದಲೇ ಗೊತ್ತಿತ್ತು. ವಿಮೆಯಲ್ಲಿ ಬರುತ್ತದೆಯೇ ಎಂಬುದು ಅವರ ಎರಡನೆಯ ಪ್ರಶ್ನೆ. ಬರುವುದಿಲ್ಲ. ಅಪಘಾತ, ಬೆಂಕಿ, ಕಳವು, ನೆರೆ ಇವುಗಳಿಗೆ ವಿಮೆಯಿದೆಯೇ ಹೊರತು, ಸವೆತಕ್ಕೂ ಯಂತ್ರ ತಾನಾಗಿ ಕೆಟ್ಟು ನಿಲ್ಲುವುದಕ್ಕೂ ಸಾಮಾನ್ಯ ಪಾಲಿಸಿಯಲ್ಲಿ ಜಾಗವಿಲ್ಲ. ಇದನ್ನು ಹೇಳಿದ ಮೇಲೆ ಮೂರನೆಯ ಪ್ರಶ್ನೆ ಬರುತ್ತದೆ, ನನಗೆ ಕಷ್ಟವಾಗುವುದು ಅದೇ: "ಹಂಗಾರ ಈಗ ಏನ್ ಮಾಡೋದ್ರಿ?"

ಬಹಳ ದಿನಗಳಿಂದ ನನ್ನನ್ನು ಕಾಡುತ್ತಿರುವ ಒಂದು ಸಂಗತಿಯಿದೆ. ಪೂರ್ತಿ ಅಪರಿಚಿತರ ನಡುವೆ ನಡೆದ ಮಾರಾಟಕ್ಕಿಂತ ಪರಿಚಯದ ಮೇಲೆ ನಡೆದ ಮಾರಾಟದಲ್ಲಿಯೇ ತಕರಾರು ಹೆಚ್ಚು ಕಹಿಯಾಗುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಗಾಡಿ ಕೈ ಬದಲಾಯಿಸುವುದು ಹೆಚ್ಚಾಗಿ ಬೀಗರ, ಸಹೋದ್ಯೋಗಿಗಳ, ಮಠದ ಭಕ್ತರ, ಒಂದೇ ಸೊಸೈಟಿಯ ಸದಸ್ಯರ ಮೂಲಕ. ಅಪರಿಚಿತನ ಗಾಡಿಯಾದರೆ ಮೆಕ್ಯಾನಿಕನನ್ನು ಕರೆದುಕೊಂಡು ಹೋಗಿ ಬಾನೆಟ್ ತೆಗೆಸಿ ನೋಡುವ ನಾವು, ಗುರುತಿನವರ ಗಾಡಿಯೆಂದ ಕೂಡಲೇ ಚಹಾ ಕುಡಿದು, ಊರ ಸುದ್ದಿ ಮಾತಾಡಿ, ಸಂಚಕಾರ ಕೊಟ್ಟು ಎದ್ದು ಬರುತ್ತೇವೆ. ಕೇಳಿದರೆ ಅವರ ಮಾತಿನ ಮೇಲೆ ನಂಬಿಕೆಯಿಲ್ಲವೆಂದು ತೋರಿಸಿದಂತಾಗುತ್ತದೆಂಬ ಸಂಕೋಚ. ಈ ಸಂಕೋಚಕ್ಕೆ ತೆರುವ ಬೆಲೆ ಎಷ್ಟೆಂಬುದು ಗ್ಯಾರೇಜಿನ ಬಿಲ್ಲು ಕೈಗೆ ಬಂದಾಗ ತಿಳಿಯುತ್ತದೆ.

ಉಣಕಲ್ಲಿನ ಪಡಸಾಲೆ

ಒಂದು ಮಳೆಗಾಲದ ಸಂಜೆ ಇಂಥದೊಂದು ತಕರಾರಿನ ಪಂಚಾಯ್ತಿಗೆ ನನ್ನನ್ನು ಉಣಕಲ್ಲಿನ ಹಿರಿಯರೊಬ್ಬರ ಮನೆಗೆ ಕರೆಸಿಕೊಂಡಿದ್ದರು. ಗಾಡಿ ಕೊಂಡವರು ಧಾರವಾಡ ಸಪ್ತಾಪುರದ ಒಬ್ಬ ಶಿಕ್ಷಕರು. ಮಾರಿದವರು ಕೇಶ್ವಾಪುರದ ಒಬ್ಬ ಬಟ್ಟೆ ವ್ಯಾಪಾರಿ. ಮನೆಯ ಹಿರಿಯರು ಶಿಕ್ಷಕರ ಪತ್ನಿಗೆ ಸೋದರಮಾವ, ವ್ಯಾಪಾರಿಗೆ ಬೀಗರು. ಗಾಡಿಯ ಮಾತು ಮೊದಲು ಎತ್ತಿದವರೂ ಅವರೇ. ಆರು ವರ್ಷದ ಡೀಸೆಲ್ ಕಾರು. ಕೇಶ್ವಾಪುರದಿಂದ ಗದಗ ರಸ್ತೆಯ ಮೇಲೆ ಸ್ವಲ್ಪ ದೂರ ಓಡಿಸಿ ನೋಡಿದ್ದೇ ಪರೀಕ್ಷೆ. ಶಿಕ್ಷಕರು ಕುಟುಂಬದೊಂದಿಗೆ ಗೋಕರ್ಣಕ್ಕೆ ಹೋಗಿ ಹಿಂತಿರುಗುವಾಗ, ಅಂಕೋಲೆ ದಾಟಿ ಅರಬೈಲ್ ಘಟ್ಟ ಏರುತ್ತಿದ್ದಂತೆ ತಾಪಮಾನದ ಮುಳ್ಳು ಕೆಂಪಿಗೆ ಹೋಗಿ, ಹೊಗೆಯೆದ್ದು, ಗಾಡಿ ನಿಂತಿತು. ಅಲ್ಲಿಂದ ಟೋಯಿಂಗ್ ಮಾಡಿಸಿಕೊಂಡು ಹುಬ್ಬಳ್ಳಿಗೆ ತಂದು ಬಿಚ್ಚಿಸಿದಾಗ ಇಂಜಿನ್ನಿನ ಮೇಲ್ಭಾಗದ ಸಿಲಿಂಡರ್ ಹೆಡ್ಡು ಬಾಗಿತ್ತು, ಅದರ ಕೆಳಗೆ ಸೋರದಂತೆ ಕೂಡಿಸುವ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಲೇಥಿನಲ್ಲಿ ಹೆಡ್ ಫೇಸಿಂಗ್, ಹೊಸ ಗ್ಯಾಸ್ಕೆಟ್, ಬೋಲ್ಟು, ಮಜೂರಿ ಎಲ್ಲ ಸೇರಿ ಗ್ಯಾರೇಜಿನವರು ಹೇಳಿದ ಅಂದಾಜು 40,000 ರೂಪಾಯಿಯ ಮೇಲಿತ್ತು.

ಗದಗ ರಸ್ತೆಯ ಓಟದಲ್ಲಿ ಇದು ಏಕೆ ಕಾಣಲಿಲ್ಲವೆಂದು ಶಿಕ್ಷಕರು ಕೇಳಿದರು. ಸಮತಟ್ಟಾದ ರಸ್ತೆಯಲ್ಲಿ ಹತ್ತು ನಿಮಿಷ ಓಡಿದ ಇಂಜಿನ್ನಿಗೆ ಭಾರವೇ ಬಿದ್ದಿರುವುದಿಲ್ಲ. ಗ್ಯಾಸ್ಕೆಟ್ಟಿನ ಸಣ್ಣ ಸೋರಿಕೆಯಲ್ಲಿ ಸಿಲಿಂಡರಿನ ಅನಿಲ ಸ್ವಲ್ಪ ಸ್ವಲ್ಪವಾಗಿ, ಇಂಜಿನ್ನನ್ನು ತಂಪಾಗಿಡುವ ಕೂಲೆಂಟಿನೊಳಗೆ ನುಗ್ಗುತ್ತದೆ. ಹೊರಗೆ ಒಂದು ಹನಿಯೂ ಬೀಳದೆ ಕೂಲೆಂಟ್ ಮಾತ್ರ ಕಡಿಮೆಯಾಗುತ್ತ ಹೋಗುತ್ತದೆ. ಮೇಲಿಂದ ಮೇಲೆ ನೀರು ತುಂಬಿಕೊಂಡಿದ್ದರೆ ಊರೊಳಗಿನ ಓಡಾಟಕ್ಕೆ ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ತುಂಬಿದ ಗಾಡಿ ಎರಡನೆಯ ಗೇರಿನಲ್ಲಿ ಘಟ್ಟ ಏರಬೇಕಾಗಿ ಬಂದಾಗ ಅದು ಬಯಲಾಗುತ್ತದೆ. ನಾನು ಗ್ಯಾರೇಜಿಗೆ ಹೋಗಿ ನೋಡಿದ್ದಾಗ ಕೂಲೆಂಟ್ ಟ್ಯಾಂಕಿನ ಒಳಮೈ ತುಕ್ಕಿನ ಬಣ್ಣಕ್ಕೆ ತಿರುಗಿತ್ತು, ಅಂದರೆ ಬಹಳ ಕಾಲದಿಂದ ಕೂಲೆಂಟಿನ ಬದಲು ನಳದ ನೀರನ್ನೇ ಹಾಕುತ್ತ ಬಂದಿದ್ದರು. ಆಯಿಲ್ ಮುಚ್ಚಳದ ಕೆಳಗೆ ಕೆನೆಬಣ್ಣದ ಜಿಗುಟು ಗಟ್ಟಿಯಾಗಿ ಅಂಟಿತ್ತು. ಗೋಕರ್ಣದ ಒಂದು ಪ್ರಯಾಣದಲ್ಲಿ ಆಗುವಂಥ ಗುರುತುಗಳಲ್ಲ ಅವು.

ಆದರೂ ಅದು ನನ್ನ ಅಂದಾಜು ಮಾತ್ರವಾಗಿತ್ತು. ಶಿಕ್ಷಕರ ಕೈಯಲ್ಲಿ ಇನ್ನೂ ಗಟ್ಟಿಯಾದದ್ದೊಂದಿತ್ತು. ಕಂಪನಿಯ ಸರ್ವಿಸ್ ಕೇಂದ್ರದವರು ಕಂಪ್ಯೂಟರಿನಲ್ಲಿದ್ದ ಹಳೆಯ ಜಾಬ್ ಕಾರ್ಡುಗಳನ್ನು ಮುದ್ರಿಸಿ ಕೊಟ್ಟಿದ್ದರು. ಮಾರಾಟಕ್ಕೆ ಕೆಲವೇ ತಿಂಗಳು ಮುಂಚಿನ ಕಾರ್ಡಿನಲ್ಲಿ, ಕೂಲೆಂಟ್ ಕಡಿಮೆಯಾಗುತ್ತಿದೆ, ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಬೇಕು, ಗ್ರಾಹಕರು ಸದ್ಯಕ್ಕೆ ಬೇಡವೆಂದಿದ್ದಾರೆ ಎಂಬ ಟಿಪ್ಪಣಿಯಿತ್ತು. ಕೆಳಗೆ ವ್ಯಾಪಾರಿಯ ಸಹಿಯೂ ಇತ್ತು. ಶಿಕ್ಷಕರು ಅದನ್ನು ಮೇಜಿನ ಮೇಲಿಟ್ಟು, ದನಿ ಏರಿಸದೆ ಕೇಳಿದರು: "ಸಾವಕಾರ್ರ, ಗಾಡಿ ಬಿಸಿ ಆಗತೈತಿ ಅಂತ ನಿಮಗ ಗೊತ್ತಿತ್ತೋ ಇಲ್ಲೋ, ಅಷ್ಟ ಹೇಳ್ರಿ."

ವ್ಯಾಪಾರಿ ಹಾಳೆಯನ್ನು ನೋಡಿದರು, ಅಲ್ಲಗಳೆಯಲಿಲ್ಲ. "ನೀವು ಕೇಳಲಿಲ್ರಿ ಮಾಸ್ತರ, ನಾ ಹೇಳಲಿಲ್ಲ. ಸುಳ್ಳಂತೂ ಹೇಳಿಲ್ಲಲ್ಲ?" ಎಂದರು. ಆ ಮಾತಿನಲ್ಲಿ ಅಹಂಕಾರವಿರಲಿಲ್ಲ. ತಾನು ನ್ಯಾಯವಾಗಿಯೇ ನಡೆದುಕೊಂಡಿದ್ದೇನೆಂದು ಅವರು ನಿಜವಾಗಿಯೂ ನಂಬಿದ್ದರು. ಪಡಸಾಲೆಯಲ್ಲಿ ಕುಳಿತಿದ್ದ ನಾಲ್ಕೈದು ಜನರಲ್ಲಿ ಒಂದಿಬ್ಬರು ತಲೆಯಾಡಿಸಿದ್ದೂ ನನ್ನ ಕಣ್ಣಿಗೆ ಬಿತ್ತು.

ಕಾಯ್ದೆಯೊಳಗಿನ ಕುದುರೆ

ಆ ವ್ಯಾಪಾರಿಗೆ ಗೊತ್ತಿತ್ತೋ ಇಲ್ಲವೋ, ಅವರ ಮಾತಿಗೆ ಹಳೆಯ ಆಧಾರವೊಂದಿದೆ. 1872ರ ಭಾರತೀಯ ಕರಾರು ಕಾಯ್ದೆಯ 17ನೆಯ ಕಲಮು ವಂಚನೆಯೆಂದರೆ ಏನೆಂದು ವಿವರಿಸಿ, ಬರೀ ಮೌನ ವಂಚನೆಯಲ್ಲವೆಂದು ಹೇಳಿ, ಕುದುರೆಯ ಉದಾಹರಣೆ ಕೊಡುತ್ತದೆ. ಒಬ್ಬನು ತನ್ನ ಕುದುರೆಗೆ ದೋಷವಿದೆಯೆಂದು ಗೊತ್ತಿದ್ದೂ ಹರಾಜಿನಲ್ಲಿ ಇನ್ನೊಬ್ಬನಿಗೆ ಮಾರುತ್ತಾನೆ, ದೋಷದ ಬಗ್ಗೆ ಏನೂ ಹೇಳುವುದಿಲ್ಲ, ಇದು ವಂಚನೆಯಲ್ಲ. ಇಷ್ಟನ್ನೇ ಓದಿ ಪುಸ್ತಕ ಮುಚ್ಚುವವರು ಬಹಳ. ಆದರೆ ಉದಾಹರಣೆ ಅಲ್ಲಿಗೆ ಮುಗಿಯುವುದಿಲ್ಲ. ಕೊಳ್ಳುವವಳು ಆಗಷ್ಟೇ ವಯಸ್ಸಿಗೆ ಬಂದ ಅವನ ಸ್ವಂತ ಮಗಳಾಗಿದ್ದರೆ, ಆ ಸಂಬಂಧದ ಕಾರಣಕ್ಕೇ ದೋಷವನ್ನು ಹೇಳುವುದು ಅವನ ಕರ್ತವ್ಯವಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಮುಂದಿನದು: ಕೊಳ್ಳುವವನು "ನೀನು ಇಲ್ಲವೆನ್ನದಿದ್ದರೆ ಕುದುರೆ ಸರಿಯಿದೆಯೆಂದೇ ತಿಳಿಯುತ್ತೇನೆ" ಎಂದು ಹೇಳಿ, ಮಾರುವವನು ಸುಮ್ಮನಿದ್ದರೆ, ಆ ಮೌನವೇ ಮಾತಿಗೆ ಸಮ. ಕೇಳುವವನು ಒಂದು ವಾಕ್ಯ ಆಡಿದ್ದರೆ ಸಾಕು, ಎದುರಿನವನ ಮೌನದ ಅರ್ಥವೇ ಬೇರೆಯಾಗುತ್ತದೆ.

ನಮ್ಮ ಭಾಗದ ದನದ ಸಂತೆಗಳಲ್ಲಿ ಈ ವಾಕ್ಯವನ್ನು ಯಾವ ಕಾಯ್ದೆಯ ಹಂಗೂ ಇಲ್ಲದೆ ಆಡುತ್ತಿದ್ದರು. ಚಿಕ್ಕವನಿದ್ದಾಗ ಅಜ್ಜನ ಜೊತೆ ಹಾವೇರಿ ಸಂತೆಗೆ ಹೋದದ್ದು ನೆನಪಿದೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ಎಲ್ಲರೂ ವರ್ಣಿಸುತ್ತಾರೆ. ಅದಕ್ಕೆ ಮೊದಲು ನಡೆಯುತ್ತಿದ್ದದ್ದನ್ನು ಹೇಳುವವರು ಕಡಿಮೆ. ಅಜ್ಜ ಎತ್ತಿನ ಬಾಯಿ ತೆಗೆಸಿ ಹಲ್ಲು ಎಣಿಸಿ, ಸುಳಿ ನೋಡಿ, ಕಾಲಿನ ಗೊರಸು ಎತ್ತಿ ನೋಡಿ, ಆಮೇಲೆ ದಲಾಲಿಯೂ ಅಕ್ಕಪಕ್ಕದವರೂ ಕೇಳುವಂತೆ ಗಟ್ಟಿ ದನಿಯಲ್ಲಿ ಒಂದೊಂದಾಗಿ ಕೇಳುತ್ತಿದ್ದರು: "ಹಾಯತೈತೇನು? ಒದಿತೈತೇನು? ನೊಗಾ ಕೊಟ್ರ ಮಲಗತೈತೇನು?" ಮಾರುವವನು ಒಂದೊಂದಕ್ಕೂ ಉತ್ತರ ಕೊಡಬೇಕಿತ್ತು. ಆ ಎತ್ತಿನವನು ಅಜ್ಜನಿಗೆ ದೂರದ ಸಂಬಂಧಿಯೇ ಆಗಿದ್ದ, ಆದರೂ ಪ್ರಶ್ನೆಗಳಲ್ಲಿ ರಿಯಾಯಿತಿಯಿರಲಿಲ್ಲ, ಅವನೂ ಅದನ್ನು ಅವಮಾನವೆಂದು ತಿಳಿಯಲಿಲ್ಲ. ಎತ್ತಿನ ಬದಲು ಕಾರು ಬಂದಾಗ ಈ ರೂಢಿ ಎಲ್ಲಿ ಕಳೆದುಹೋಯಿತೋ ತಿಳಿಯದು. ಒಂದು ಕಾರಣ ನನಗೆ ಹೊಳೆಯುವುದು ಇದು: ಎತ್ತಿನ ದೋಷಗಳು ಕೊಳ್ಳುವವನಿಗೂ ಮಾರುವವನಿಗೂ ಸಮಾನವಾಗಿ ಗೊತ್ತಿದ್ದವು. ಕಾರಿನ ವಿಷಯದಲ್ಲಿ ಏನು ಕೇಳಬೇಕೆಂಬುದೇ ಗೊತ್ತಿಲ್ಲದವನು, ಆ ಅಜ್ಞಾನ ಕಾಣದಿರಲೆಂದು ಸುಮ್ಮನಿರುತ್ತಾನೆ; ಆಮೇಲೆ ಆ ಮೌನಕ್ಕೆ ನಂಬಿಕೆಯೆಂಬ ಹೆಸರು ಕೊಡುತ್ತಾನೆ.

ಉಳಿದ ಕಾಯ್ದೆಗಳೂ ಖಾಸಗಿ ಮಾರಾಟದಲ್ಲಿ ಕೊಂಡವರ ನೆರವಿಗೆ ಅಷ್ಟಾಗಿ ಬರುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 16ನೆಯ ಕಲಮಿನಂತೆ, ಮಾರುಕಟ್ಟೆಗೆ ಯೋಗ್ಯವಾದ ಗುಣಮಟ್ಟದ ಹೊಣೆ ಬರುವುದು ಅದೇ ಬಗೆಯ ಸರಕಿನ ವ್ಯಾಪಾರ ಮಾಡುವವರಿಗೆ. ಬಟ್ಟೆ ವ್ಯಾಪಾರಿ ತನ್ನ ಮನೆಯ ಕಾರು ಮಾರಿದರೆ ಆ ಹೊಣೆ ಅವರಿಗೆ ಅಂಟುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಬಾಗಿಲೂ ಇದೇ ಕಾರಣಕ್ಕೆ ಮುಚ್ಚಿರುತ್ತದೆ. ಹಳೆಯ ಗಾಡಿಗಳ ವ್ಯಾಪಾರವನ್ನೇ ಮಾಡುವ ಅಂಗಡಿಯವರ ಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಬೀಗರ ಮೇಲೆ ಹೋಗಲು ಬರುವುದಿಲ್ಲ. ಖಾಸಗಿ ಮಾರಾಟದಲ್ಲಿ ಉಳಿಯುವುದು ಸಿವಿಲ್ ನ್ಯಾಯಾಲಯ. ಅಲ್ಲಿ ಲೆಕ್ಕಕ್ಕೆ ಬರುವುದು ಮಾರಿದವರು ಏನು ಹೇಳಿದ್ದರು ಎಂಬುದು. "ಗಾಡಿ ಭಾರಿ ಕಂಡೀಷನ್ ಐತಿ" ಎಂಬುದು ಹೊಗಳಿಕೆ, ಅದರ ಮೇಲೆ ದಾವೆ ನಿಲ್ಲುವುದು ಕಷ್ಟ. "ಇಂಜಿನ್ ಬಿಚ್ಚಿಲ್ಲ", "ಆಕ್ಸಿಡೆಂಟ್ ಆಗಿಲ್ಲ", "ಮೀಟರಿನಲ್ಲಿ ಇರುವಷ್ಟೇ ಓಡಿದೆ" ಎಂಬುವು ಸಂಗತಿಗಳು. ಗೊತ್ತಿದ್ದೂ ಸುಳ್ಳಾಗಿ ಹೇಳಿದ್ದು ಸಿದ್ಧವಾದರೆ ಒಪ್ಪಂದವನ್ನೇ ರದ್ದುಪಡಿಸಬಹುದು, ಇಲ್ಲವೆ ನಷ್ಟಪರಿಹಾರ ಕೇಳಬಹುದು. ಮೌನದ ಮೂಲಕ ಆದ ವಂಚನೆಗೆ ಮಾತ್ರ 19ನೆಯ ಕಲಮು ಇನ್ನೊಂದು ತೊಡಕು ಇಟ್ಟಿದೆ: ಸಾಮಾನ್ಯ ಎಚ್ಚರಿಕೆಯಿಂದ ಸತ್ಯ ತಿಳಿದುಕೊಳ್ಳುವ ದಾರಿ ಕೊಂಡವರಿಗೆ ಇದ್ದಿದ್ದರೆ, ಒಪ್ಪಂದ ರದ್ದಾಗುವುದಿಲ್ಲ. ಮೆಕ್ಯಾನಿಕನನ್ನು ಕರೆದೊಯ್ಯದವರಿಗೆ ಎದುರಿನ ವಕೀಲರು ಕೇಳುವ ಮೊದಲ ಪ್ರಶ್ನೆ ಇದೇ ಆಗಿರುತ್ತದೆ.

ಅಂಗಡಿಯವರಿಗೂ ಖಾಸಗಿಯಾಗಿ ಮಾರುವವರಿಗೂ ನಡುವೆ ಇರುವ ಒಂದು ವರ್ಗದ ಬಗ್ಗೆ ಎಚ್ಚರವಿರಬೇಕು. ಮನೆಯ ಮುಂದೆ ಒಂದೆರಡು ಗಾಡಿ ನಿಲ್ಲಿಸಿಕೊಂಡು, "ನಮ್ಮ ಅಣ್ಣನ ಗಾಡಿ" ಎಂದು ಮಾರುವವರು ನಿಜವಾಗಿ ವ್ಯಾಪಾರಿಗಳೇ. ಹಿಂದಿನ ಮಾಲೀಕರಿಂದ ಮಾಲೀಕತ್ವ ಬದಲಾವಣೆಯ 29 ಮತ್ತು 30ನೆಯ ನಮೂನೆಯ ಫಾರಂಗಳಿಗೆ ಸಹಿ ಹಾಕಿಸಿಕೊಂಡು, ಕೊಳ್ಳುವವರ ಹೆಸರಿನ ಜಾಗ ಖಾಲಿ ಬಿಟ್ಟು, ಗಾಡಿಯನ್ನು ತಮ್ಮ ಹೆಸರಿಗೆ ಮಾಡಿಸದೆ ಮುಂದಕ್ಕೆ ದಾಟಿಸುತ್ತಾರೆ. ದೋಷ ಕಂಡಾಗ ಆರ್‌ಸಿಯಲ್ಲಿರುವ ಹೆಸರಿನವರನ್ನು ಹುಡುಕಿಕೊಂಡು ಹೋದರೆ, ಅವರು ಗಾಡಿ ಕೊಟ್ಟು ವರ್ಷವಾಗಿರುತ್ತದೆ, ಯಾರ ಕೈ ಸೇರಿದೆಯೆಂಬುದೂ ಅವರಿಗೆ ಗೊತ್ತಿರುವುದಿಲ್ಲ. 2023ರ ಏಪ್ರಿಲ್ 1ರಿಂದ ಇಂಥ ವ್ಯಾಪಾರಿಗಳು ಸಾರಿಗೆ ಇಲಾಖೆಯಿಂದ ಅಧಿಕಾರಪತ್ರ ಪಡೆಯಬೇಕೆಂಬ ನಿಯಮ ಜಾರಿಗೆ ಬಂದಿದೆ. ಅದು ಇದೆಯೇ ಎಂದು ಕೇಳಿದರೆ ಅಣ್ಣ-ತಮ್ಮಂದಿರ ಸಂಬಂಧದ ನಿಜವೂ ಅಲ್ಲಿಯೇ ತಿಳಿಯುತ್ತದೆ.

ಅರ್ಧಾ-ಅರ್ಧಾ

ಉಣಕಲ್ಲಿನ ಹಿರಿಯರು ಕರಾರು ಕಾಯ್ದೆಯ ಮಾತನ್ನು ನನ್ನ ಬಾಯಿಂದ ಅರ್ಧ ಕೇಳಿ, ಕೈಯೆತ್ತಿ ನಿಲ್ಲಿಸಿದರು. "ಆಗಿದ್ದು ಆಗೇತಿ. ಅರ್ಧಾ ಸಾವಕಾರ್ರು ಹಾಕ್ತಾರ, ಅರ್ಧಾ ಮಾಸ್ತರ ಹಾಕ್ಲಿ. ಬೀಗತನ ಕೆಡೋದು ಬ್ಯಾಡ." ನಮ್ಮ ಕಡೆ ಇಂಥ ಪಂಚಾಯ್ತಿಗಳ ತೀರ್ಪು ಬಹುತೇಕ ಇದೇ. ವ್ಯಾಪಾರಿ ಅಲ್ಲಿಯೇ ಹಣ ಎಣಿಸಿ ಕೊಟ್ಟರು, ಶಿಕ್ಷಕರು ತೆಗೆದುಕೊಂಡರು, ಅವಲಕ್ಕಿ-ಚಹಾ ಬಂತು. ಹಿರಿಯರಿಗೆ ಸಮಾಧಾನವಾಯಿತು. ಆಮೇಲೆ ಅವರಿಬ್ಬರೂ ಒಬ್ಬರ ಮನೆಯ ಕಾರ್ಯಕ್ಕೆ ಇನ್ನೊಬ್ಬರು ಹೋಗಿದ್ದು ನಾನಂತೂ ಕೇಳಿಲ್ಲ.

ಈ ಅರ್ಧದ ಲೆಕ್ಕವನ್ನು ನಾನು ಎಷ್ಟು ಯೋಚಿಸಿದರೂ ಒಪ್ಪಲಾರೆ. ದೋಷ ಮಾರಾಟದ ದಿನ ಇರಲೇ ಇಲ್ಲ, ಅಥವಾ ಇದ್ದರೂ ಯಾರಿಗೂ ತಿಳಿದಿರಲಿಲ್ಲ ಎಂದಾದರೆ, ಹಳೆಯ ಗಾಡಿಯನ್ನು ಕಡಿಮೆ ಬೆಲೆಗೆ ಕೊಂಡವರು ಅದರ ಪೂರ್ತಿ ಖರ್ಚನ್ನು ಹೊರಬೇಕು. ಕ್ಲಚ್ ಪ್ಲೇಟು, ಬ್ಯಾಟರಿ, ಟೈರು ಇವೆಲ್ಲ ಸವೆಯುವ ವಸ್ತುಗಳು. ಮೂರು ತಿಂಗಳ ಬಳಿಕ ಬ್ಯಾಟರಿ ಸತ್ತಿತೆಂದು ಮಾರಿದವರ ಮನೆ ಬಾಗಿಲಿಗೆ ಹೋಗುವವರನ್ನೂ ನಾನು ಕಂಡಿದ್ದೇನೆ, ಅವರಿಗೆ ಒಂದು ರೂಪಾಯಿಯೂ ಸಲ್ಲಬಾರದು. ದೋಷ ಗೊತ್ತಿದ್ದು ಮುಚ್ಚಿಟ್ಟರೆಂದಾದರೆ, ರಿಪೇರಿಯ ಪೂರ್ತಿ ಹಣವೂ ಘಟ್ಟದಿಂದ ಎಳೆದು ತಂದ ಖರ್ಚೂ ಮಾರಿದವರ ಪಾಲಿನದು. ಯಾವ ದಾರಿಯಲ್ಲಿ ಲೆಕ್ಕ ಮಾಡಿದರೂ ಅರ್ಧವೆಂಬ ಉತ್ತರ ಬರುವುದಿಲ್ಲ. ಅದು ಬರುವುದು, ಗೊತ್ತಿತ್ತೇ ಎಂಬ ಪ್ರಶ್ನೆಗೆ ಉತ್ತರ ಯಾರಿಗೂ ಬೇಡವಾದಾಗ. ಜಾಬ್ ಕಾರ್ಡ್ ಮೇಜಿನ ಮೇಲಿದ್ದೂ ಅರ್ಧವೇ ಆಯಿತೆಂದರೆ, ಹೇಳದೆ ಮಾರಿದವರಿಗೆ 20,000 ಉಳಿಯಿತು. ಇದೇ ದೋಷವನ್ನು ಮೊದಲೇ ಹೇಳುವ ಪ್ರಾಮಾಣಿಕರು ಬೆಲೆಯಲ್ಲಿ ಪೂರ್ತಿ 40,000 ಕಳೆದುಕೊಳ್ಳುತ್ತಿದ್ದರು. ಹಿರಿಯರ ಉದ್ದೇಶ ಒಳ್ಳೆಯದೇ. ಅವರು ಉಳಿಸಲು ಹೊರಟದ್ದು ಗಾಡಿಯನ್ನಲ್ಲ, ಸಂಬಂಧವನ್ನು. ಆದರೆ ಸಂಬಂಧವೂ ಉಳಿಯಲಿಲ್ಲ.

ಪಂಚಾಯ್ತಿಯೂ ಆಗದೆ ಎಳೆದಾಡುವ ತಕರಾರುಗಳಲ್ಲಿ ಇನ್ನೊಂದು ಅಪಾಯಕಾರಿ ರೂಢಿಯಿದೆ. ರಿಪೇರಿಯ ಹಣ ಕೊಡುವವರೆಗೆ ಗಾಡಿಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳುವುದಿಲ್ಲವೆಂದು ಕೊಂಡವರು ಹಟ ಹಿಡಿಯುತ್ತಾರೆ. ಮಾರಿದವರು ಎರಡನೆಯ ಕೀಲಿಯನ್ನೋ ಸಾಲ ತೀರಿದ ಬ್ಯಾಂಕಿನ ಪತ್ರವನ್ನೋ ತಡೆಹಿಡಿಯುತ್ತಾರೆ. ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ತಿಳಿಸಬೇಕು. ಈ ಹಟದ ನಡುವೆ ಗಾಡಿ ಯಾರಿಗಾದರೂ ಡಿಕ್ಕಿ ಹೊಡೆದರೆ, ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಗ್ಯಾಸ್ಕೆಟ್ಟಿನ ಜಗಳಕ್ಕಾಗಿ ಅಷ್ಟು ದೊಡ್ಡ ಹೊಣೆಯನ್ನು ತೂಗುಹಾಕಿಡುವುದು ಇಬ್ಬರಿಗೂ ಕ್ಷೇಮವಲ್ಲ.

ಬರೆದುಕೊಟ್ಟ ಹಾಳೆ

ಈಗ ಯಾರಾದರೂ ಕೊಳ್ಳುವ ಮೊದಲೇ ಕೇಳಿದರೆ, ನಾನು ಮೊದಲು ತರಿಸುವುದು ಮಾರುವವರ ವಿಮಾ ಪಾಲಿಸಿಯನ್ನು. ಅದರಲ್ಲಿ ನೋ ಕ್ಲೇಮ್ ಬೋನಸ್ ಎಷ್ಟಿದೆಯೆಂದು ನೋಡಿದರೆ ಸಾಕು. ಕ್ಲೇಮ್ ಇಲ್ಲದ ವರ್ಷಗಳಿಗೆ ವಿಮಾ ಕಂತಿನಲ್ಲಿ ಸಿಗುವ ಈ ರಿಯಾಯಿತಿ 20, 25, 35, 45, 50 ಶೇಕಡಾ ಎಂದು ಏರುತ್ತ ಹೋಗುತ್ತದೆ. ಒಬ್ಬರೇ ಮಾಲೀಕರ ಐದು ವರ್ಷದ ಗಾಡಿಗೆ ಅದು ಸೊನ್ನೆಯಿದ್ದರೆ, ಹಿಂದಿನ ವರ್ಷ ಕ್ಲೇಮ್ ಆಗಿದೆ, ಇಲ್ಲವೆ ವಿಮೆ ನಡುವೆ ತಪ್ಪಿದೆ. ಯಾವುದೆಂದು ಕೇಳಲು ಒಂದು ನೆಪ ಸಿಗುತ್ತದೆ. ಸರ್ಕಾರದ ಆ್ಯಪ್‌ನಲ್ಲಿ ಸಾಲ, ವಿಮೆಯ ಅವಧಿ ಸಿಗುತ್ತವೆ, ದೋಷ ಸಿಗುವುದಿಲ್ಲ. ಇಂಜಿನ್ ತಣ್ಣಗಿರುವಾಗಲೇ ಹೋಗಬೇಕು, ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಬೇಕು. ನೀವು ಬರುವ ಮೊದಲೇ ಬಿಸಿ ಮಾಡಿಟ್ಟ ಇಂಜಿನ್ ತನ್ನ ಬೆಳಗಿನ ಹೊಗೆಯನ್ನು ತೋರಿಸುವುದಿಲ್ಲ. 2019ರ ಆಗಸ್ಟಿನ ನೆರೆಯ ನಂತರ ನರಗುಂದದ ಕಡೆಯ ಗಾಡಿಗಳನ್ನು ನೋಡುವಾಗ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡುವ ಅಭ್ಯಾಸ ನನಗಾಯಿತು, ಒಳಗಿನ ಕೊನೆಯ ಗೇಣಿನಲ್ಲಿ ಕೆಸರಿನ ಕಲೆಯನ್ನು ಯಾರೂ ತೊಳೆದಿರುವುದಿಲ್ಲ.

ಇವೆಲ್ಲದರ ಮೇಲೆ ಒಂದು ಹಾಳೆ. ಇಂಜಿನ್ ಬಿಚ್ಚಿದ್ದಾರೆಯೇ, ಆಯಿಲ್ ಅಥವಾ ಕೂಲೆಂಟ್ ಕಡಿಮೆಯಾಗುತ್ತದೆಯೇ, ಅಪಘಾತವಾಗಿದೆಯೇ, ನೀರು ಹೊಕ್ಕಿದೆಯೇ, ಯಾರಾದರೂ ರಿಪೇರಿ ಸೂಚಿಸಿದ್ದು ಮಾಡಿಸದೆ ಬಿಟ್ಟಿದೆಯೇ ಎಂದು ಬರೆದು, ಮುಂದೆ ಜಾಗ ಬಿಟ್ಟು, ಮಾರುವವರ ಕೈಯಿಂದಲೇ ತುಂಬಿಸಿ ಇಬ್ಬರೂ ಸಹಿ ಮಾಡುವುದು. ಕೊನೆಯ ಪ್ರಶ್ನೆಯೊಂದಿದ್ದಿದ್ದರೆ ಉಣಕಲ್ಲಿನ ಪಂಚಾಯ್ತಿ ಬೇಕಾಗುತ್ತಿರಲಿಲ್ಲ. "ಇದ್ದ ಸ್ಥಿತಿಯಲ್ಲಿ ಒಪ್ಪಿಕೊಂಡಿದ್ದೇನೆ" ಎಂದು ಬಾಂಡ್ ಪೇಪರಿನ ಮೇಲೆ ಬರೆಸಿಕೊಳ್ಳುವ ಮಾರುವವರಿಗೂ ಈ ಹಾಳೆ ಹೆಚ್ಚು ಉಪಯೋಗ: ಹೇಳಿದ ದೋಷದ ಮೇಲೆ ಯಾರೂ ಅವರನ್ನು ಹಿಡಿಯುವಂತಿಲ್ಲ.

ನನ್ನ ಸ್ವಂತ ಕಾರು ಮಾರುವಾಗ ಈ ಹಾಳೆಯನ್ನು ನಾನೇ ತುಂಬಿ ಮುಂದಿಟ್ಟೆ. ಸ್ಟೀರಿಂಗ್ ರ್‍ಯಾಕಿನಲ್ಲಿ ಸದ್ದು, ಎಡಗಡೆ ಬಾಗಿಲಿಗೆ ಮರುಬಣ್ಣ, ಎಸಿ ತಂಪು ಕೊಡುತ್ತದೆ ಆದರೆ ಎರಡು ಬೇಸಿಗೆಯಿಂದ ಗ್ಯಾಸ್ ತುಂಬಿಸಿಲ್ಲ ಎಂದೆಲ್ಲ ಬರೆದಿದ್ದೆ. ಮೊದಲು ಬಂದವರು ಅದನ್ನು ಓದಿ, ಇಷ್ಟು ಬರೆದವರು ಇನ್ನೆಷ್ಟು ಮುಚ್ಚಿಟ್ಟಿರಬಹುದೆಂದು ಅನುಮಾನಿಸಿ ಹೋದರು. ಕೊನೆಗೆ ಗದಗಿನ ಒಬ್ಬರು ರ್‍ಯಾಕಿನ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡು ಒಯ್ದರು. ಮುಂದಿನ ಏಪ್ರಿಲ್ಲಿನಲ್ಲಿ ಅವರ ಫೋನು ಬಂತು. ಎಸಿ ಕಂಪ್ರೆಸರ್ ಹೋಗಿತ್ತು. ಎರಡು ಬೇಸಿಗೆ ಗ್ಯಾಸ್ ತುಂಬಿಸಿಲ್ಲವೆಂದು ಬರೆದವರಿಗೆ ಕಂಪ್ರೆಸರ್ ದುರ್ಬಲವೆಂಬುದು ಗೊತ್ತಿರಲೇಬೇಕೆಂಬುದು ಅವರ ವಾದ. ಗ್ಯಾಸ್ ತುಂಬಿಸದ ಮಾತ್ರಕ್ಕೆ ಕಂಪ್ರೆಸರ್ ದುರ್ಬಲವೆಂದಲ್ಲ, ನನಗೆ ಗೊತ್ತಿದ್ದಷ್ಟನ್ನು ಬರೆದಿದ್ದೇನೆ ಎಂಬುದು ನನ್ನ ವಾದ. ಅವರು ಹಾಳೆಯ ಫೋಟೋ ತೆಗೆದು ಕಳಿಸಿ ಅದೇ ಸಾಲಿಗೆ ಗೆರೆ ಎಳೆದರು. ನಾನು ಅದೇ ಸಾಲನ್ನು ಇನ್ನೊಂದು ರೀತಿಯಲ್ಲಿ ಓದಿ ಹೇಳಿದೆ. ಹಣ ಯಾರೂ ಕೊಡಲಿಲ್ಲ, ಒಪ್ಪಲೂ ಇಲ್ಲ. ಕಳೆದ ತಿಂಗಳು ತಮ್ಮ ಅಳಿಯನಿಗೆ ಹಳೆಯ ಸ್ಕೂಟರ್ ಕೊಳ್ಳುವುದಿದೆಯೆಂದು ಅವರೇ ಫೋನು ಮಾಡಿ, ಆ ಪ್ರಶ್ನೆಗಳ ಹಾಳೆಯನ್ನು ಕೇಳಿ ತರಿಸಿಕೊಂಡರು, ಎಸಿಯ ಸಾಲನ್ನು ಇನ್ನಷ್ಟು ಬಿಡಿಸಿ ಬರೆಯಬೇಕೆಂದೂ ಹೇಳಿದರು. ಸ್ಕೂಟರಿಗೆ ಎಸಿ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ.